ಸಿಇಟಿ ಪಟ್ಟಿಯ ಆ ಅಕ್ಷರಗಳು: ಮೀಸಲಾತಿಯ ಸೀಟು ತುಂಬುವುದು ಹೇಗೆ?

ಸಿಇಟಿ ಫಲಿತಾಂಶ ಬಂದ ಮರುವಾರ ನಮ್ಮ ಬೀದಿಯವರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಕೈಯಲ್ಲಿ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯ ನಾಲ್ಕು ಹಾಳೆಗಳಿದ್ದವು; ಯಾವ ಕಾಲೇಜಿನಲ್ಲಿ ಎಷ್ಟನೆಯ ರ‍್ಯಾಂಕಿನವರೆಗೆ ಸೀಟು ಸಿಕ್ಕಿತ್ತು ಎನ್ನುವ ಪಟ್ಟಿ ಅದು. ಅಕ್ಷರಗಳು ಇರುವೆ ಸಾಲಿನಂತೆ. "ಮೇಷ್ಟ್ರೇ, ಕಾಲೇಜಿನ ಹೆಸರು ಓದಿಕೊಂಡೆವು, ಕೋರ್ಸೂ ತಿಳಿಯಿತು. ಮೇಲುಗಡೆ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದೆಲ್ಲ ಇದೆಯಲ್ಲ, ಅದೇನು?" ಎಂದರು. ಹುಡುಗಿ ಆಗಲೇ '2ಎಜಿ' ಎಂಬ ಕಾಲಂ ಮೇಲೆ ಬೆರಳಿಟ್ಟಿದ್ದಳು. "ನಮ್ಮದು ಇದೊಂದೇ ಅಲ್ಲವೇ ಸರ್?" ಎಂದು ಕೇಳಿದಳು.

ಅಲ್ಲ. ಏಕೆ ಅಲ್ಲ ಎನ್ನುವುದನ್ನು ಹೇಳಲು ಒಂದು ಸಂಜೆ ಬೇಕಾಯಿತು. ಮೀಸಲಾತಿ ಬೇಕೇ ಬೇಡವೇ ಎಂದು ನಾವು ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಜಗಳವಾಡುತ್ತೇವೆ. ಆದರೆ ಒಂದು ಸೀಟು ಅಥವಾ ಹುದ್ದೆ ಯಾವ ಲೆಕ್ಕದಲ್ಲಿ ಯಾರಿಗೆ ಹೋಗುತ್ತದೆ ಎಂದು ಕೇಳಿದರೆ, ಎರಡೂ ಕಡೆಯವರು ತಡವರಿಸುತ್ತಾರೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಮೀಸಲು ಎಂದರೆ

ಹಬ್ಬದ ದಿನ ದೇವರಿಗೆ ಎಂದು ತೆಗೆದಿಟ್ಟ ಹಾಲನ್ನು ಮನೆಯಲ್ಲಿ 'ಮೀಸಲು' ಎನ್ನುತ್ತಾರೆ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮೀಸಲಾತಿಯ ಮೂಲ ಅರ್ಥವೂ ಅಷ್ಟೇ. ಸರ್ಕಾರಿ ಹುದ್ದೆ ಮತ್ತು ಕಾಲೇಜು ಸೀಟುಗಳಲ್ಲಿ ಒಂದು ಪಾಲನ್ನು, ಹಿಂದೆ ಓದು ಮತ್ತು ಅಧಿಕಾರದಿಂದ ದೂರವಿದ್ದ ಸಮುದಾಯಗಳಿಗಾಗಿ ತೆಗೆದಿಡುವುದು. ಸಂವಿಧಾನದ 16(4)ನೇ ವಿಧಿ ಉದ್ಯೋಗಕ್ಕೆ, 15(4)ನೇ ವಿಧಿ ಶಿಕ್ಷಣಕ್ಕೆ ಇದರ ಬಾಗಿಲು ತೆರೆದಿವೆ. 15(4) ಮೊದಲು ಸಂವಿಧಾನದಲ್ಲಿ ಇರಲಿಲ್ಲ. ಮದ್ರಾಸ್ ಪ್ರಾಂತ್ಯ ಕಾಲೇಜು ಸೀಟುಗಳನ್ನು ಜಾತಿವಾರು ಹಂಚಿದ್ದನ್ನು ಸುಪ್ರೀಂ ಕೋರ್ಟ್ 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಅಸಿಂಧು ಎಂದಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಈ ಉಪವಿಧಿ ಸೇರಿಸಲಾಯಿತು.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನು ಬದಿಗೆ ಸರಿಸೋಣ. "ಮೀಸಲಾತಿ ಹತ್ತು ವರ್ಷಕ್ಕೆ ಎಂದು ಬರೆದಿತ್ತು, ಎಳೆದುಕೊಂಡು ಬಂದರು" ಎಂಬ ಮಾತನ್ನು ಓದಿಕೊಂಡವರೂ ಆಡುತ್ತಾರೆ. ಹತ್ತು ವರ್ಷದ ಮಿತಿ ಇದ್ದದ್ದು 334ನೇ ವಿಧಿಯಲ್ಲಿ. ಅದು ಲೋಕಸಭೆ ಮತ್ತು ವಿಧಾನಸಭೆಗಳ ಮೀಸಲು ಕ್ಷೇತ್ರಗಳಿಗೆ ಸಂಬಂಧಿಸಿದ್ದು. ಹತ್ತು ಹತ್ತು ವರ್ಷ ಮುಂದಕ್ಕೆ ಹೋಗುತ್ತಾ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮಟ್ಟಿಗೆ ಈಗ 2030ರವರೆಗೆ ಬಂದಿದೆ. ಶಿಕ್ಷಣ ಮತ್ತು ಉದ್ಯೋಗದ ಮೀಸಲಾತಿಗೆ ಸಂವಿಧಾನ ಗಡುವು ಹಾಕಿಲ್ಲ. ಹಾಕಬೇಕಿತ್ತೇ ಎಂಬುದು ಬೇರೆ ಚರ್ಚೆ.

ಯಾರು ಯಾವ ಪ್ರವರ್ಗ

ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗಗಳನ್ನು ಐದು ಪ್ರವರ್ಗಗಳಾಗಿ ವಿಂಗಡಿಸಿದ್ದಾರೆ. ಪ್ರವರ್ಗ-1ಕ್ಕೆ ಶೇ 4, 2ಎಗೆ ಶೇ 15, 2ಬಿಗೆ ಶೇ 4, 3ಎಗೆ ಶೇ 4, 3ಬಿಗೆ ಶೇ 5; ಒಟ್ಟು ಶೇ 32. ಉಪ್ಪಾರ, ಗೊಲ್ಲ, ಬೆಸ್ತ ಮುಂತಾದ ಸಮುದಾಯಗಳು ಪ್ರವರ್ಗ-1ರಲ್ಲಿವೆ. ಕುರುಬ, ಈಡಿಗ, ಮಡಿವಾಳ ಮೊದಲಾದ ಉದ್ದನೆಯ ಪಟ್ಟಿ 2ಎದಲ್ಲಿದೆ. ಮುಸ್ಲಿಮರು 2ಬಿ, ಒಕ್ಕಲಿಗರು 3ಎ, ವೀರಶೈವ ಲಿಂಗಾಯತರು 3ಬಿ.

ಇದರ ಜೊತೆಗೆ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3 ಇತ್ತು. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿ ಆಧರಿಸಿ 2022ರಲ್ಲಿ ಬಂದ ಕಾಯ್ದೆ ಇವನ್ನು ಶೇ 17 ಮತ್ತು ಶೇ 7ಕ್ಕೆ ಏರಿಸಿತು. ಅಲ್ಲಿಗೆ ಮೊತ್ತ 50ರಿಂದ 56ಕ್ಕೆ ಹೋಯಿತು. 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ 2ಬಿಯನ್ನು ತೆಗೆದು, ಆ ಶೇ 4ನ್ನು ಒಕ್ಕಲಿಗ ಮತ್ತು ಲಿಂಗಾಯತ ಗುಂಪುಗಳಿಗೆ ತಲಾ ಎರಡರಂತೆ ಹಂಚುವ ಆದೇಶ ಹೊರಡಿಸಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ, ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರವೇ ಮಾತು ಕೊಟ್ಟಿತು.

ಕೇಂದ್ರದ ಲೆಕ್ಕ ಬೇರೆ. ಅಲ್ಲಿ ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 7.5, ಇತರ ಹಿಂದುಳಿದ ವರ್ಗಕ್ಕೆ (ಒಬಿಸಿ) 27, ಆರ್ಥಿಕವಾಗಿ ದುರ್ಬಲರಿಗೆ 10. ರಾಜ್ಯದ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರುತ್ತದೆ ಎಂದೇನಿಲ್ಲ. ತಹಶೀಲ್ದಾರರಿಂದ ಪಡೆದ ರಾಜ್ಯದ ಪ್ರಮಾಣಪತ್ರ ಹಿಡಿದು ಕೇಂದ್ರದ ಹುದ್ದೆಗೆ ಅರ್ಜಿ ಹಾಕಿ, ದಾಖಲೆ ಪರಿಶೀಲನೆಯ ದಿನ ತಲೆ ಮೇಲೆ ಕೈ ಹೊತ್ತು ಕುಳಿತವರನ್ನು ಕಂಡಿದ್ದೇನೆ. ನಮೂನೆಯೇ ಬೇರೆ ಇರುತ್ತದೆ.

ಜಿಎಂ ಯಾರ ಕೋಟಾವೂ ಅಲ್ಲ

ಜಿಎಂ ಎಂದರೆ ಜನರಲ್ ಮೆರಿಟ್, ಕನ್ನಡದಲ್ಲಿ ಸಾಮಾನ್ಯ ಅರ್ಹತೆ. ಇದು ಮೀಸಲಾತಿ ಇಲ್ಲದವರ ಕೋಟಾ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗಿದ್ದರೆ ಅದೂ ಒಂದು ಜಾತಿ ಮೀಸಲಾತಿಯೇ ಆಗಿಬಿಡುತ್ತಿತ್ತು. ನಿಜದಲ್ಲಿ ಜಿಎಂ ಊರ ಕೆರೆಯಿದ್ದಂತೆ, ಯಾರು ಬೇಕಾದರೂ ಇಳಿಯಬಹುದು. ಮೊದಲು ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಪಟ್ಟಿಯಲ್ಲಿ ರ‍್ಯಾಂಕ್ ಪ್ರಕಾರ ನಿಲ್ಲಿಸಿ, ಜಿಎಂ ಸೀಟುಗಳನ್ನು ಮೇಲಿನಿಂದ ತುಂಬುತ್ತಾ ಬರುತ್ತಾರೆ. ಆ ಸಾಲಿನಲ್ಲಿ 2ಎ ಹುಡುಗಿ ಇರಬಹುದು, ಪರಿಶಿಷ್ಟ ಜಾತಿಯ ಹುಡುಗ ಇರಬಹುದು. ಸ್ವಂತ ಅಂಕಗಳಿಂದ ಅಲ್ಲಿ ಸೀಟು ಗಿಟ್ಟಿಸಿದವರನ್ನು ಅವರ ಪ್ರವರ್ಗದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವರ ಪ್ರವರ್ಗದ ಸೀಟು ಅವರ ಹಿಂದೆ ನಿಂತವರಿಗೆ ಉಳಿಯುತ್ತದೆ.

ಹೀಗಾಗಿ "2ಎಗೆ ಶೇ 15" ಎಂದರೆ 2ಎ ಸಮುದಾಯದವರಿಗೆ ಸಿಗುವುದು ಹದಿನೈದೇ ಎಂದಲ್ಲ, ಕನಿಷ್ಠ ಹದಿನೈದು ಎಂದು. ಇದು ಗೊತ್ತಿಲ್ಲದೆ ಆಯ್ಕೆ ಪಟ್ಟಿ ನೋಡಿ, "ಹದಿನೈದು ಇರಬೇಕಾದ ಕಡೆ ಇಪ್ಪತ್ತು ಜನ ಹೇಗೆ ಬಂದರು?" ಎಂದು ದೂರು ಬರೆಯುವವರಿದ್ದಾರೆ.

ಹಾಸು ಮತ್ತು ಹೊಕ್ಕು

ಈಗ ಆ ಪಟ್ಟಿಯ ಜಿ, ಕೆ, ಆರ್ ಅಕ್ಷರಗಳಿಗೆ ಬರೋಣ. ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ, ಜಿ ಎಂದರೆ ಎರಡೂ ಅಲ್ಲದ್ದು. ಮಗ್ಗದ ಮೇಲಿನ ಸೀರೆಯನ್ನು ನೆನಪಿಸಿಕೊಳ್ಳಿ. ಉದ್ದಕ್ಕೆ ಎಳೆದ ದಾರ ಹಾಸು, ಅಡ್ಡಕ್ಕೆ ಲಾಳಿ ಓಡಾಡಿ ಹೆಣೆಯುವುದು ಹೊಕ್ಕು. ಜಾತಿ ಮತ್ತು ವರ್ಗದ ಮೀಸಲಾತಿ ಹಾಸಿನಂತೆ; ಕಾನೂನಿನ ಭಾಷೆಯಲ್ಲಿ ಲಂಬ ಮೀಸಲಾತಿ. ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರು, ಗ್ರಾಮೀಣ ಅಭ್ಯರ್ಥಿಗಳು, ಕನ್ನಡ ಮಾಧ್ಯಮದವರು, ಇವರಿಗಿರುವ ಮೀಸಲಾತಿ ಹೊಕ್ಕು. ಅಂದರೆ ಸಮತಲ ಮೀಸಲಾತಿ. ಅದು ಪ್ರತ್ಯೇಕ ಗುಂಪಾಗಿ ನಿಲ್ಲುವುದಿಲ್ಲ. ಜಿಎಂ ಇರಲಿ, 2ಎ ಇರಲಿ, ಪರಿಶಿಷ್ಟ ಜಾತಿ ಇರಲಿ, ಎಲ್ಲದರ ಒಳಗೂ ಅಡ್ಡಲಾಗಿ ಹಾಯುತ್ತದೆ.

ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 33, ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಮಾಜಿ ಸೈನಿಕರಿಗೆ ಶೇ 10, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಯೋಜನೆಗಳಿಂದ ನಿರಾಶ್ರಿತರಾದವರಿಗೆ ಶೇ 5 ಹೀಗೆ ಹೊಕ್ಕು ಹಾಯುತ್ತದೆ. 2021ರಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ಶೇ 1 ಸೇರಿತು. ಇಷ್ಟನ್ನೂ ಕೂಡಿ, "ನೂರಕ್ಕಿಂತ ಹೆಚ್ಚಾಯಿತಲ್ಲ!" ಎಂದು ಹುಬ್ಬೇರಿಸುವವರು ಹಾಸಿನ ಎಳೆಗೆ ಹೊಕ್ಕಿನ ಎಳೆಯನ್ನು ಕೂಡಿಸುತ್ತಿರುತ್ತಾರೆ. ಸೀರೆಯ ಉದ್ದಕ್ಕೆ ಅಗಲವನ್ನು ಕೂಡಿಸಿದರೆ ಬರುವ ಸಂಖ್ಯೆಗೆ ಏನರ್ಥ?

ಹೊಕ್ಕಿನ ಲೆಕ್ಕ ಹಾಸಿನ ಲೆಕ್ಕದಂತಲ್ಲ, ಇಲ್ಲೇ ಹೆಚ್ಚು ಜನ ಎಡವುವುದು. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. 2ಎದಲ್ಲಿ 21 ಹುದ್ದೆ, ಅದರಲ್ಲಿ 7 ಮಹಿಳೆಯರಿಗೆ. ಮೊದಲು 2ಎ ಅಭ್ಯರ್ಥಿಗಳಲ್ಲಿ ಅಂಕಗಳ ಪ್ರಕಾರ ಮೇಲಿನ 21 ಹೆಸರು ಬರೆದುಕೊಳ್ಳಿ. ಅದರಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಎಣಿಸಿ. ಏಳು ಅಥವಾ ಒಂಬತ್ತು ಮಂದಿ ಇದ್ದರೆ ಕೆಲಸ ಮುಗಿಯಿತು, ಪಟ್ಟಿ ಹಾಗೇ ಅಂತಿಮ. ಐದೇ ಮಂದಿ ಇದ್ದರೆ, ಪಟ್ಟಿಯ ತಳದಲ್ಲಿರುವ ಇಬ್ಬರು ಗಂಡಸರ ಹೆಸರು ತೆಗೆದು, ಕಾಯುವ ಸಾಲಿನಲ್ಲಿ ಮುಂದಿರುವ ಇಬ್ಬರು 2ಎ ಹೆಂಗಸರನ್ನು ಸೇರಿಸಬೇಕು. ಇದನ್ನು ಸುಪ್ರೀಂ ಕೋರ್ಟ್ 2007ರಲ್ಲಿ ರಾಜೇಶ್ ಕುಮಾರ್ ದಾರಿಯಾ ಪ್ರಕರಣದಲ್ಲಿ ಬಿಡಿಸಿ ಹೇಳಿತು. ವ್ಯತ್ಯಾಸ ಗಮನಿಸಿ: ಲಂಬ ಮೀಸಲಾತಿಯಲ್ಲಿ ಸ್ವಂತ ಅಂಕಗಳಿಂದ ಬಂದವರನ್ನು ಕೋಟಾದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಮತಲದಲ್ಲಿ ಹಿಡಿಯುತ್ತಾರೆ.

ಉತ್ತರ ಪ್ರದೇಶದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಇನ್ನೊಂದು ಗಂಟು ಬಿತ್ತು. ಸಾಮಾನ್ಯ ವರ್ಗದ ಮಹಿಳಾ ಸ್ಥಾನಕ್ಕೆ ಕೊನೆಯದಾಗಿ ಆಯ್ಕೆಯಾದ ಅಭ್ಯರ್ಥಿಗಿಂತ ಹೆಚ್ಚು ಅಂಕ ಪಡೆದ ಹಿಂದುಳಿದ ವರ್ಗದ ಹೆಂಗಸರು ಹೊರಗುಳಿದರು. "ನೀವು ಒಬಿಸಿ, ಸಾಮಾನ್ಯ ವರ್ಗದ ಮಹಿಳಾ ಸ್ಥಾನ ನಿಮಗಲ್ಲ" ಎಂಬುದು ಇಲಾಖೆಯ ವಾದ. 2020ರ ಡಿಸೆಂಬರ್‌ನಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಾಮಾನ್ಯ ಸ್ಥಾನ ಎಲ್ಲರಿಗೂ ತೆರೆದಿರುವಾಗ, ಅದರೊಳಗಿನ ಮಹಿಳಾ ಸ್ಥಾನವೂ ಎಲ್ಲ ಮಹಿಳೆಯರಿಗೂ ತೆರೆದಿರಬೇಕು ಎಂದಿತು.

ಕಲ್ಯಾಣ ಕರ್ನಾಟಕದವರಿಗೆ ಇವೆಲ್ಲದರ ಮೇಲೆ, ಆ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪಾಲು ಬೇರೆ ಇದೆ. ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟುಗಳು ಅಲ್ಲಿನವರಿಗೆ. ಅದಕ್ಕಾಗಿಯೇ ಕಟ್‌ಆಫ್ ಪಟ್ಟಿ ಅಷ್ಟು ಅಗಲ.

ನಾಲ್ಕು, ಏಳು, ಹತ್ತು, ಹದಿನಾಲ್ಕು

ನೂರು ಸೀಟಿದ್ದರೆ ಶೇಕಡಾವಾರು ಹಂಚುವುದು ಸುಲಭ. ಒಂದು ಇಲಾಖೆಯಲ್ಲಿ ಈ ವರ್ಷ ಎರಡು ಹುದ್ದೆ, ಮುಂದಿನ ವರ್ಷ ಮೂರು ಹುದ್ದೆ ತುಂಬುವುದಾದರೆ? ಎರಡು ಹುದ್ದೆಯ ಶೇ 15 ಎಂದರೆ ಒಬ್ಬ ಮನುಷ್ಯನ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಇದಕ್ಕೆ ಉತ್ತರವೇ ರೋಸ್ಟರ್, ಅಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ.

ಚೀಟಿ ಹಾಕಿದವರಿಗೆ ಈ ತರ್ಕ ಬೇಗ ಹಿಡಿಯುತ್ತದೆ. ಪ್ರತಿ ಹುದ್ದೆ ತುಂಬಿದಾಗಲೂ ಪ್ರತಿ ವರ್ಗದ ಖಾತೆಗೆ ಅದರ ಪಾಲು ಜಮೆಯಾಗುತ್ತದೆ. ಜಮೆ ಒಂದು ಪೂರ್ಣ ಹುದ್ದೆಯಾದ ಕೂಡಲೇ ಆ ವರ್ಗದ ಸರದಿ. ಕೇಂದ್ರದ ಲೆಕ್ಕವನ್ನೇ ನೋಡಿ. ಒಬಿಸಿಗೆ ಪ್ರತಿ ಹುದ್ದೆಗೆ 0.27 ಜಮೆ. ಮೂರು ಹುದ್ದೆಗೆ 0.81, ನಾಲ್ಕಕ್ಕೆ 1.08. ಆದ್ದರಿಂದ ನಾಲ್ಕನೆಯ ಹುದ್ದೆ ಒಬಿಸಿಗೆ. ಪರಿಶಿಷ್ಟ ಜಾತಿಗೆ 0.15ರಂತೆ ಏಳನೆಯದಕ್ಕೆ 1.05 ಆಗುತ್ತದೆ. ಆರ್ಥಿಕವಾಗಿ ದುರ್ಬಲರಿಗೆ ಹತ್ತನೆಯದು. ಪರಿಶಿಷ್ಟ ಪಂಗಡಕ್ಕೆ 0.075ರಂತೆ ಕೂಡುತ್ತಾ ಹೋದರೆ ಹದಿನಾಲ್ಕನೆಯದಕ್ಕೆ ಸರದಿ ಬರುತ್ತದೆ.

ಈ ಒಣ ಅಂಕಗಣಿತವೇ 2018ರಲ್ಲಿ ದೆಹಲಿಯ ಬೀದಿಗಳಲ್ಲಿ ಅಧ್ಯಾಪಕರ ಪ್ರತಿಭಟನೆಯಾಗಿ ಸಿಡಿಯಿತು. ವಿಶ್ವವಿದ್ಯಾಲಯದ ಎಲ್ಲ ವಿಭಾಗಗಳ ಹುದ್ದೆಗಳನ್ನು ಒಟ್ಟಾಗಿ ಎಣಿಸುವ ಬದಲು, ಒಂದೊಂದು ವಿಭಾಗವನ್ನೂ ಬೇರೆಯಾಗಿ ಎಣಿಸಬೇಕು ಎಂದು ಅಲಹಾಬಾದ್ ಹೈಕೋರ್ಟ್ 2017ರಲ್ಲಿ ಹೇಳಿತ್ತು. ಅದನ್ನು ಅನುಸರಿಸಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತು. ಶೇಕಡಾ ಪ್ರಮಾಣ ಒಂದಿಷ್ಟೂ ಬದಲಾಗಲಿಲ್ಲ. ಆದರೆ ಮೂರೇ ಪ್ರಾಧ್ಯಾಪಕರ ಹುದ್ದೆ ಇರುವ ವಿಭಾಗದಲ್ಲಿ ನಾಲ್ಕನೆಯ ಸರದಿಯೇ ಬರುವುದಿಲ್ಲ. ಏಳು, ಹದಿನಾಲ್ಕು ದೂರದ ಮಾತು. ಕಾಗದದ ಮೇಲೆ ಮೀಸಲಾತಿ ಪೂರ್ತಿ, ಕುರ್ಚಿಯ ಮೇಲೆ ಸೊನ್ನೆ. ಕೊನೆಗೆ 2019ರ ಮಾರ್ಚ್‌ನಲ್ಲಿ ಸುಗ್ರೀವಾಜ್ಞೆ, ನಂತರ ಅದೇ ವರ್ಷ ಕಾಯ್ದೆ ತಂದು, ಇಡೀ ಸಂಸ್ಥೆಯನ್ನೇ ಒಂದು ಘಟಕ ಎಂದು ಎಣಿಸುವ ಪದ್ಧತಿಗೆ ಮರಳಿದರು. ಮೀಸಲಾತಿಯ ಕುರಿತು ಯಾರಾದರೂ ಶೇಕಡಾ ಪ್ರಮಾಣ ಒಂದನ್ನೇ ಹೇಳಿದರೆ, "ಎಣಿಕೆ ಯಾವ ಘಟಕದ್ದು?" ಎಂದು ಕೇಳುವ ಅಭ್ಯಾಸ ನನಗೆ ಅಂಟಿದ್ದು ಅಲ್ಲಿಂದ.

ರೋಸ್ಟರ್ ಕೊನೆಯಿಲ್ಲದ ಗಾಣವೂ ಅಲ್ಲ. ಒಂದು ವೃಂದದಲ್ಲಿ, ಅಂದರೆ ಒಂದೇ ಬಗೆಯ ಹುದ್ದೆಗಳ ಗುಂಪಿನಲ್ಲಿ, ಪ್ರತಿ ವರ್ಗದ ಪಾಲು ತುಂಬಿದ ಮೇಲೆ ಅದು ನಿಲ್ಲಬೇಕು. ಆಮೇಲೆ ಯಾರು ನಿವೃತ್ತರಾಗುತ್ತಾರೋ ಅವರ ವರ್ಗದವರೇ ಆ ಜಾಗಕ್ಕೆ ಬರಬೇಕು ಎಂದು 1995ರ ಆರ್.ಕೆ. ಸಬರ್‌ವಾಲ್ ತೀರ್ಪು ಹೇಳುತ್ತದೆ.

ಐವತ್ತರ ಗೆರೆ ಎಳೆದದ್ದು ಮೈಸೂರಿನ ಪ್ರಕರಣ

ಮೀಸಲಾತಿ ಶೇ 50 ದಾಟಬಾರದು ಎಂಬ ಮಾತು ಮೂಲ ಸಂವಿಧಾನದಲ್ಲಿ ಇರಲಿಲ್ಲ. ಅದು ಬಂದದ್ದು ನಮ್ಮ ರಾಜ್ಯದ ಒಂದು ಆದೇಶದ ಮೇಲಿನ ತೀರ್ಪಿನಿಂದ.

ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಮೈಸೂರಿನ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಅದು ಶಿಫಾರಸು ಮಾಡಿತು. ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರೂ ಆಗ 'ಹಿಂದುಳಿದವರು'. ಈ ವಿಚಾರದಲ್ಲಿ ಭಿನ್ನಾಭಿಪ್ರಾಯವಿದ್ದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಅರ್ಹತೆಯೋ ಪ್ರಾತಿನಿಧ್ಯವೋ ಎಂಬ ಇಂದಿನ ವಾದದ ಎರಡೂ ಕೊನೆಗಳು ನೂರು ವರ್ಷಗಳ ಹಿಂದೆ ಒಂದೇ ಅರಮನೆಯಲ್ಲಿದ್ದವು.

1962ರ ಜುಲೈನಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಶೇ 68 ಸೀಟುಗಳನ್ನು ಮೀಸಲಿಟ್ಟಿತು: ಹಿಂದುಳಿದವರಿಗೆ 28, ಅತಿ ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಸಮಾನತೆ ಮೂಲ ನಿಯಮ, ಮೀಸಲಾತಿ ಅದರ ವಿಶೇಷ ಏರ್ಪಾಡು. ಏರ್ಪಾಡು ನಿಯಮವನ್ನೇ ನುಂಗಬಾರದು, ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. ಜಾತಿಯೊಂದನ್ನೇ ಅಳತೆಗೋಲು ಮಾಡಿಕೊಳ್ಳಬಾರದು ಎಂದೂ ಸೇರಿಸಿತು. ಅಂಬೇಡ್ಕರ್ 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ ಇಂಥದ್ದೇ ಮಾತು ಆಡಿದ್ದರು: ಎಪ್ಪತ್ತು ಮೀಸಲಾಗಿ ಮೂವತ್ತು ಮಾತ್ರ ಮುಕ್ತವಾಗಿ ಉಳಿದರೆ ಸಮಾನ ಅವಕಾಶದ ತತ್ವಕ್ಕೆ ಏನು ಬೆಲೆ ಎಂದು ಕೇಳಿದ್ದರು.

ಹಿಂದುಳಿದ ವರ್ಗಗಳ ಕುರಿತ ಮಂಡಲ್ ಆಯೋಗ 1980ರಲ್ಲಿ ವರದಿ ಕೊಟ್ಟು, ವಿ.ಪಿ. ಸಿಂಗ್ ಸರ್ಕಾರ 1990ರಲ್ಲಿ ಕೇಂದ್ರದ ಹುದ್ದೆಗಳಲ್ಲಿ ಆ ವರ್ಗಗಳಿಗೆ ಶೇ 27 ಕೊಡಲು ಆದೇಶಿಸಿದಾಗ ದೇಶ ಹೊತ್ತಿ ಉರಿಯಿತು. 1992ರ ನವೆಂಬರ್ 16ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಆ ಶೇ 27ನ್ನು ಎತ್ತಿಹಿಡಿದು, ಐವತ್ತರ ಗೆರೆಯನ್ನು ಗಟ್ಟಿ ಮಾಡಿತು. ತೀರಾ ಅಸಾಧಾರಣ ಸಂದರ್ಭಕ್ಕೆ ಮಾತ್ರ ಕಿಂಡಿ ಬಿಟ್ಟಿತು. ತಮಿಳುನಾಡು ತನ್ನ ಶೇ 69ನ್ನು, ಕಾಯ್ದೆಗಳಿಗೆ ನ್ಯಾಯಾಲಯದಿಂದ ರಕ್ಷಣೆ ಕೊಡಲೆಂದು ಇರುವ ಸಂವಿಧಾನದ ಒಂಬತ್ತನೆಯ ಅನುಸೂಚಿಗೆ ಸೇರಿಸಿ ಕಾಪಾಡಿಕೊಂಡಿದೆ. ಮಹಾರಾಷ್ಟ್ರದ ಮರಾಠಾ ಮೀಸಲಾತಿ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, ಬಿಹಾರದ ಶೇ 65 2024ರಲ್ಲಿ ಪಟ್ನಾ ಹೈಕೋರ್ಟಿನಲ್ಲಿ ಬಿದ್ದವು. ನಮ್ಮ 56 ಎಂಬ ಸಂಖ್ಯೆ ಬಂದಾಗಲೆಲ್ಲ ಕಾನೂನು ಬಲ್ಲವರು ಏಕೆ ಕತ್ತು ಕೆರೆದುಕೊಳ್ಳುತ್ತಾರೆ ಎಂದರೆ ಇದಕ್ಕೇ.

2019ರಲ್ಲಿ 103ನೇ ತಿದ್ದುಪಡಿ ಬೇರೆ ಮೀಸಲಾತಿ ಇಲ್ಲದ ಬಡವರಿಗೆ ಶೇ 10 ಕೊಟ್ಟಿತು. ಕೇಂದ್ರದ ಮೊತ್ತ ಅಲ್ಲಿಗೆ 59.5. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು–ಎರಡರ ಬಹುಮತದಿಂದ ಒಪ್ಪಿತು. ಐವತ್ತರ ಗೆರೆ ಹಿಂದುಳಿದ ವರ್ಗಗಳ ಮೀಸಲಾತಿಗೆ ಅನ್ವಯಿಸುವಂಥದ್ದು, ಈ ಹತ್ತಕ್ಕೆ ಅಲ್ಲ ಎಂಬುದು ಬಹುಮತದ ನಿಲುವು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಬಡವರನ್ನು ಹೊರಗಿಟ್ಟದ್ದು ಸರಿಯಲ್ಲ ಎಂದು ಉಳಿದಿಬ್ಬರು ಬರೆದರು. ಆ ಇಬ್ಬರಲ್ಲಿ ಒಬ್ಬರು ಆಗಿನ ಮುಖ್ಯ ನ್ಯಾಯಮೂರ್ತಿ.

ಕೆನೆಪದರ

ಹಾಲು ಕಾಯಿಸಿ ಇಟ್ಟರೆ ಕೆನೆ ಮೇಲೆ ಕಟ್ಟುತ್ತದೆ. ಹಿಂದುಳಿದ ವರ್ಗದೊಳಗೇ ಮೇಲೆ ಬಂದ ಕುಟುಂಬಗಳನ್ನು ಮೀಸಲಾತಿಯಿಂದ ಹೊರಗಿಡಬೇಕು ಎಂದು 1992ರ ಅದೇ ತೀರ್ಪು ಹೇಳಿತು. ಆದಾಯದ ಮಿತಿ ಆರಂಭದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ಇತ್ತು, 2017ರಿಂದ 8 ಲಕ್ಷ.

ಆದರೆ ಕೇಂದ್ರದ ನಿಯಮದಲ್ಲಿ ಆದಾಯ ಎಂದರೆ ಎಲ್ಲ ಆದಾಯವೂ ಅಲ್ಲ. ಸಂಬಳ ಮತ್ತು ಕೃಷಿ ಆದಾಯವನ್ನು ಈ 8 ಲಕ್ಷದ ಲೆಕ್ಕಕ್ಕೆ ಕೂಡಿಸುವುದಿಲ್ಲ. ಸರ್ಕಾರಿ ನೌಕರರಿಗೆ ನೋಡುವುದು ಹುದ್ದೆಯ ದರ್ಜೆಯನ್ನು. ತಂದೆ ನೇರವಾಗಿ 'ಎ' ದರ್ಜೆಗೆ ನೇಮಕವಾಗಿದ್ದರೆ ಮಕ್ಕಳು ಕೆನೆಪದರ. ಗುಮಾಸ್ತರಾಗಿರುವ ದಂಪತಿಯ ಸಂಬಳ ಒಟ್ಟು ಹತ್ತು ಲಕ್ಷ ಇದ್ದರೂ ಮಕ್ಕಳು ಮೀಸಲಾತಿಯ ಒಳಗೆ. ಸತತ ಮೂರು ವರ್ಷ ಒಂಬತ್ತು ಲಕ್ಷ ಲಾಭ ತೋರಿಸಿದ ಅಂಗಡಿಯವರ ಮಕ್ಕಳು ಹೊರಗೆ. ನಮ್ಮ ರಾಜ್ಯದಲ್ಲಿ ಪ್ರವರ್ಗ-1ಕ್ಕೆ ಕೆನೆಪದರದ ನಿಯಮವೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡಗಳಿಗೂ ನೇಮಕಾತಿ ಮತ್ತು ಪ್ರವೇಶದ ಹಂತದಲ್ಲಿ ಇಲ್ಲ. ಅಲ್ಲಿಗೂ ತರಬೇಕು ಎಂದು ಕೆಲವು ನ್ಯಾಯಮೂರ್ತಿಗಳು ಇತ್ತೀಚೆಗೆ ಬರೆದಿದ್ದಾರೆ. ಅಸ್ಪೃಶ್ಯತೆ ಸಂಬಳದ ಚೀಟಿ ನೋಡಿ ದೂರ ಸರಿಯುವುದಿಲ್ಲ ಎಂಬುದು ಇದನ್ನು ವಿರೋಧಿಸುವವರ ಉತ್ತರ.

ಪಂಕ್ತಿಯ ಕೊನೆಯವರು

ಒಳಮೀಸಲಾತಿ ಎಂಬ ಪದ ಈಚೆಗೆ ಪ್ರತಿದಿನ ಪತ್ರಿಕೆಯಲ್ಲಿ ಕಾಣಿಸುತ್ತದೆ. ಪರಿಶಿಷ್ಟ ಜಾತಿಯ ಪಾಲನ್ನು ಅದರೊಳಗಿನ ಗುಂಪುಗಳಿಗೆ ಬೇರೆ ಬೇರೆಯಾಗಿ ಹಂಚುವುದು ಎಂದು ಅರ್ಥ. ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಪಾಯಸದ ಕೊಳಗ ಪಂಕ್ತಿಯ ಮೊದಲಿನಿಂದ ಹೊರಡುತ್ತದೆ, ಕೊನೆಯವರ ಎಲೆಗೆ ಬರುವಾಗ ಸೌಟು ತಳ ಕೆರೆಯುವ ಸದ್ದು ಮಾತ್ರ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ಅವುಗಳಲ್ಲಿ ಕೆಲವು ಮೊದಲ ಎಲೆಯಲ್ಲಿ ಕುಳಿತಿವೆ, ಹಲವು ಕೊನೆಯಲ್ಲಿವೆ ಎಂಬುದು ಮಾದಿಗ ಸಮುದಾಯದ ದಶಕಗಳ ದೂರು. ಪಂಕ್ತಿಗೊಂದು ಪಾತ್ರೆ ಇಡಿ ಎಂಬುದು ಬೇಡಿಕೆ.

ಇದನ್ನು ಪರಿಶೀಲಿಸಲು 2005ರಲ್ಲಿ ನೇಮಕವಾದ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಆದರೆ ಪರಿಶಿಷ್ಟ ಜಾತಿ ಒಂದು ಅಖಂಡ ಗುಂಪು, ಒಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಆಂಧ್ರದ ಪ್ರಕರಣದಲ್ಲಿ ಹೇಳಿದ್ದರಿಂದ ಸರ್ಕಾರಗಳಿಗೆ ಸುಮ್ಮನಿರಲು ಒಳ್ಳೆಯ ನೆಪ ಸಿಕ್ಕಿತ್ತು. 2024ರ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ ದವಿಂದರ್ ಸಿಂಗ್ ಪ್ರಕರಣದಲ್ಲಿ ಆರು–ಒಂದರ ಬಹುಮತದಿಂದ ಆ ತೀರ್ಪನ್ನು ಬದಿಗೆ ಸರಿಸಿತು. ಅಂಕಿಅಂಶದ ಆಧಾರವಿದ್ದರೆ ರಾಜ್ಯಗಳು ಒಳವರ್ಗೀಕರಣ ಮಾಡಬಹುದು ಎಂದಿತು.

ಈ ಒಳವರ್ಗೀಕರಣಕ್ಕೆಂದು ರಾಜ್ಯ ನೇಮಿಸಿದ ನಾಗಮೋಹನ ದಾಸ್ ಆಯೋಗ ಸಮೀಕ್ಷೆ ನಡೆಸಿ 2025ರ ಆಗಸ್ಟ್‌ನಲ್ಲಿ ಐದು ಗುಂಪುಗಳನ್ನು ಸೂಚಿಸಿತು. 59 ಅಲೆಮಾರಿ ಜಾತಿಗಳಿಗೆ ಪ್ರತ್ಯೇಕ ಶೇ 1 ಅದರಲ್ಲಿತ್ತು. ಅದೇ ತಿಂಗಳು ಸಚಿವ ಸಂಪುಟ ಐದನ್ನು ಮೂರು ಮಾಡಿತು: ಎಡಗೈ (ಮಾದಿಗ) ಸಂಬಂಧಿತ ಜಾತಿಗಳಿಗೆ 6, ಬಲಗೈ (ಹೊಲೆಯ) ಸಂಬಂಧಿತ ಜಾತಿಗಳಿಗೆ 6, ಲಂಬಾಣಿ, ಭೋವಿ, ಕೊರಮ, ಕೊರಚರೊಂದಿಗೆ ಅಲೆಮಾರಿಗಳನ್ನೂ ಸೇರಿಸಿ 5. ದೊಡ್ಡ ಸಮುದಾಯಗಳ ಜೊತೆ ಒಂದೇ ಪಾತ್ರೆಯಲ್ಲಿ ತಮ್ಮ ಪಾಲು ಕರಗಿಹೋಯಿತು ಎಂದು ಅಲೆಮಾರಿಗಳು ಬೀದಿಗಿಳಿದರು. ಪಂಕ್ತಿಯ ಕೊನೆಯವರಿಗಾಗಿ ಹೊರಟ ವಿಂಗಡಣೆಯೊಳಗೇ ಮತ್ತೊಂದು ಪಂಕ್ತಿ, ಅದಕ್ಕೂ ಒಂದು ಕೊನೆ.

ಜಗಳ ಯಾವುದರ ಬಗ್ಗೆ

ಇಷ್ಟು ಗೊತ್ತಾದ ಮೇಲೆ ವಾದಗಳನ್ನು ಕೇಳಿಸಿಕೊಳ್ಳುವುದು ಸುಲಭ. ಜಾತಿಯ ಬದಲು ಬಡತನವನ್ನು ನೋಡಿ ಎನ್ನುವವರು, ಬಡತನಕ್ಕೆ ಜಾತಿಯಿಲ್ಲ, ಎರಡನೆಯ ತಲೆಮಾರಿನ ಅಧಿಕಾರಿಯ ಮಗನಿಗೆ ನೆರವೇಕೆ ಎಂದು ಕೇಳುತ್ತಾರೆ. ಇನ್ನೊಂದು ಕಡೆಯವರು, ಮೀಸಲಾತಿ ಬಡತನ ನಿವಾರಣೆಯ ಯೋಜನೆಯಲ್ಲ, ಅಧಿಕಾರದಲ್ಲಿ ಪಾಲು. ಬಡತನಕ್ಕೆ ವಿದ್ಯಾರ್ಥಿವೇತನ, ಹಾಸ್ಟೆಲ್ ಇವೆ ಎನ್ನುತ್ತಾರೆ.

ಅರ್ಹತೆಯ ಪ್ರಶ್ನೆ ಇದಕ್ಕಿಂತ ಬಿಸಿ. ಕಡಿಮೆ ಅಂಕದವರಿಗೆ ಸೀಟು ಕೊಟ್ಟರೆ ಗುಣಮಟ್ಟ ಇಳಿಯುತ್ತದೆ ಎಂಬ ಆತಂಕ ಒಂದು ಕಡೆ. ಇಲ್ಲಿ ಒಂದು ವಿಷಯ ತಿಳಿದಿರಲಿ: ರಿಯಾಯಿತಿ ಇರುವುದು ಒಳಗೆ ಬರುವ ಬಾಗಿಲಲ್ಲಿ. ಎಂಜಿನಿಯರಿಂಗ್ ಪ್ರವೇಶಕ್ಕೆ ಪಿಯುಸಿಯ ಸಂಬಂಧಿತ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲು ವರ್ಗಗಳಿಗೆ ಶೇ 40 ಬೇಕು. ಒಳಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಒಂದೇ, ಪಾಸಾಗುವ ಅಂಕವೂ ಒಂದೇ. ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ನೀಟ್ ಪ್ರಕರಣವೊಂದರಲ್ಲಿ, ಪ್ರವೇಶ ಪರೀಕ್ಷೆಯ ಅಂಕವೊಂದನ್ನೇ ಅರ್ಹತೆ ಎನ್ನಲಾಗದು, ಮನೆಯ ವಾತಾವರಣ, ಕೋಚಿಂಗ್, ಸಾಮಾಜಿಕ ಸಂಪರ್ಕ ಎಲ್ಲವೂ ಆ ಅಂಕದೊಳಗೆ ಸೇರಿರುತ್ತವೆ ಎಂಬ ಅರ್ಥದ ಮಾತು ಹೇಳಿತು. ಹಾಗೆಂದು, ಒಂದೆರಡು ಅಂಕದಲ್ಲಿ ಸೀಟು ತಪ್ಪಿದ ಹುಡುಗನ ಮನೆಗೆ ಹೋಗಿ ಈ ತೀರ್ಪು ಓದಿ ಹೇಳಿದರೆ ಅವನಿಗೆ ಸಮಾಧಾನವಾಗುವುದಿಲ್ಲ. ಅವನ ಬೇಸರವೂ ನಿಜವೇ.

ಬಡ್ತಿಯ ವಿಚಾರ ಇನ್ನೂ ಸೂಕ್ಷ್ಮ. ನಮ್ಮ ರಾಜ್ಯದ ಬಡ್ತಿ ಮೀಸಲಾತಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ, ಅಂಕಿಅಂಶವಿಲ್ಲ ಎಂದು ತಳ್ಳಿಹಾಕಿತು. ಸರ್ಕಾರ ರತ್ನಪ್ರಭಾ ಸಮಿತಿಯಿಂದ ಅಂಕಿಅಂಶ ಕಲೆಹಾಕಿಸಿ 2018ರಲ್ಲಿ ಹೊಸ ಕಾಯ್ದೆ ತಂದಿತು. 2019ರಲ್ಲಿ ಅದೇ ನ್ಯಾಯಾಲಯ ಒಪ್ಪಿತು. ಪ್ರಕರಣಕ್ಕೆ ಎರಡು ಸಲವೂ ಒಂದೇ ಹೆಸರು, ಪವಿತ್ರಾ. ಫಲಿತಾಂಶ ಮಾತ್ರ ಉಲ್ಟಾ. ನಡುವೆ ಬದಲಾದದ್ದು ಸರ್ಕಾರ ತೋರಿಸಿದ ಲೆಕ್ಕದ ಪುಸ್ತಕ.

ಆರು ಕಾಲಂ

ಇನ್ನು ಆ ಹುಡುಗಿಯ ಬೆರಳಿಗೆ ಮರಳೋಣ. ಅವಳದು 2ಎ. ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ್ದು ಅಜ್ಜಿಯ ಊರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮ. ಸಿಇಟಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಹೊಕ್ಕಿನಂತೆ ಹಾಯುತ್ತವೆ. ಪಟ್ಟಿಯಲ್ಲಿ ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ, 2ಎಜಿಯ ಜಿ ಎಂದರೆ ಆ ಎರಡೂ ಇಲ್ಲದ ಬರೀ 2ಎ. ಹಾಗಾಗಿ ಅವಳು ನೋಡಬೇಕಾದದ್ದು ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ. ಅವಳು ಕಾಲೇಜುಗಳನ್ನು ಕ್ರಮವಾಗಿ ತುಂಬಿದರೆ ಸಾಕು, ಯಾವ ಕಾಲಂನಲ್ಲಿ ಸೀಟು ದಕ್ಕುತ್ತದೆ ಎಂದು ಹುಡುಕುವುದು ಕಂಪ್ಯೂಟರಿನ ಕೆಲಸ. ಪೆನ್ಸಿಲ್ ತೆಗೆದುಕೊಂಡು ಆರಕ್ಕೂ ಗೆರೆ ಎಳೆದಳು. ಅವಳ ರ‍್ಯಾಂಕಿಗೆ 2ಎಜಿಯಲ್ಲಿ ಸಿಗದಿದ್ದ ಒಂದು ಕಾಲೇಜು 2ಎಆರ್‌ನಲ್ಲಿ ಹಿಂದಿನ ವರ್ಷ ಸಿಕ್ಕಿತ್ತು.

"ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎರಡಕ್ಕೂ ಹೌದು ಎಂದು ಕೊಟ್ಟಿದ್ದೀಯಾ?" ಎಂದು ಕೇಳಿದೆ. ಕೊಟ್ಟಿದ್ದಳು. "ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಸಹಿ?" ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಮರುದಿನ ಶನಿವಾರ, ಶಾಲೆ ಬೆಳಗ್ಗೆಯದು, ಹನ್ನೊಂದೂವರೆಗೆ ಬಾಗಿಲು ಹಾಕುತ್ತದೆ. ಏಳು ಗಂಟೆಯ ಬಸ್ಸಿಗೆ ಹೋಗುತ್ತೇವೆ ಎಂದು ಹಾಳೆ ಮಡಚಿಕೊಂಡು ಎದ್ದರು.